ರೂಪಾಯಿ ತಾಳೆಯಾಯಿತು, ಹೆಸರು ತಾಳೆಯಾಗಲಿಲ್ಲ

ಎರಡು ಸಂಘಗಳ ಕಂಪ್ಯೂಟರ್ ಲೆಕ್ಕವನ್ನು ಒಂದೇ ಪುಸ್ತಕಕ್ಕೆ ಸಾಗಿಸುವಾಗ ನಾವು ಎಡವಿದ ಕತೆ ಇದು. ಎಲ್ಲಿ ಎಡವಿದೆವು, ಹೇಗೆ ಸರಿ ಮಾಡಿದೆವು, ಎರಡನೇ ಸಲ ಏನು ಜಾಗ್ರತೆ ಮಾಡಿದೆವು ಎಂದು ಇದ್ದದ್ದು ಇದ್ದಂತೆ ಬರೆದಿದ್ದೇನೆ. ಹಾಲಿನ ಸಂಘ, ಸ್ವಸಹಾಯ ಗುಂಪು, ರೈತರ ಕಂಪೆನಿ ಎಂದು ಊರಲ್ಲಿ ಲೆಕ್ಕ ಇಡುವವರಿಗೆಲ್ಲ ಉಪಯೋಗಕ್ಕೆ ಬಂದೀತು.

2023ರ ಮೇ ತಿಂಗಳ ಕೊನೆಯ ವಾರ. ನಮ್ಮ ಸಂಘದ ಗೋದಾಮಿನಲ್ಲಿ ಮೈಲುತುತ್ತು ಹಂಚುತ್ತಿದ್ದೆವು. ಅಡಿಕೆ ಬೆಳೆಗಾರರಿಗೆ ಆ ವಾರ ಎಂಥ ಗಡಿಬಿಡಿಯದ್ದು ಅಂತ ಹೇಳಬೇಕಾಗಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಬಿಟ್ಟು ಮುಗಿಸಬೇಕು. ಮರ ಹತ್ತುವವರು ಸಿಕ್ಕಿದ ದಿನ ಮೈಲುತುತ್ತು, ಸುಣ್ಣ ಎರಡೂ ಮನೆಯಲ್ಲಿರಬೇಕು. ಇಲ್ಲದಿದ್ದರೆ ಆ ವರ್ಷ ಕೊಳೆರೋಗಕ್ಕೆ ಬಾಗಿಲು ತೆರೆದು ಕೊಟ್ಟಂತೆ.

ಹೊಳೆಯ ಆಚೆ ಬದಿಯಿಂದ ಒಬ್ಬರು ಅಕ್ಕ ಬಂದರು. ಅವರ ಹೆಸರು ಇಲ್ಲಿ ಬೇಡ, ಲಕ್ಷ್ಮಿ ಅಂತ ಇಟ್ಟುಕೊಳ್ಳೋಣ. ಗಂಡ ತೀರಿಕೊಂಡ ಮೇಲೆ ಒಂದೂವರೆ ಎಕರೆ ತೋಟವನ್ನು ಒಬ್ಬರೇ ನೋಡಿಕೊಳ್ಳುವವರು. ಮಾರ್ಚಿನಲ್ಲಿ ಚಾಲಿ ಅಡಿಕೆ ಕೊಟ್ಟಾಗಲೇ ಸಂಘಕ್ಕೆ ಮುಂಗಡ ಕಟ್ಟಿದ್ದರು. ಕೈಯಲ್ಲಿದ್ದರೆ ಖರ್ಚಾಗುತ್ತದೆ, ಮೈಲುತುತ್ತಿಗೆ ಅಂತ ಸಂಘದಲ್ಲೇ ಇರಲಿ ಎಂದು ಅವರ ಲೆಕ್ಕಾಚಾರ.

ನಾನು ಕಂಪ್ಯೂಟರಿನಲ್ಲಿ ಹೆಸರು ಒತ್ತಿ ನೋಡಿದೆ. ಜಮೆ 1,500 ರೂಪಾಯಿ.

"ಒಂದೂವರೆ ಸಾವಿರ ಉಂಟಕ್ಕ, ಅಷ್ಟಕ್ಕೆ ಎಷ್ಟು ಬರ್ತದೋ ಅಷ್ಟು ಕೊಡ್ತೇನೆ" ಅಂದೆ.

ಅವರ ಮುಖ ಒಮ್ಮೆ ಸಣ್ಣಗಾಯಿತು. "ಒಂದೂವರೆಯಾ? ನಾನು ಒಂಬತ್ತು ಸಾವಿರದ ನಾಲ್ಕು ನೂರು ಕಟ್ಟಿದ್ದೇನಲ್ಲ ಅಣ್ಣ. ಬಾಕಿದ್ದು ಎಲ್ಲಿಗೆ ಹೋಯ್ತು?" ಅಂತ ತುಳುವಿನಲ್ಲಿ ಮೆಲ್ಲ ಕೇಳಿದರು. ಹಿಂದೆ ಸಾಲಿನಲ್ಲಿ ಹತ್ತು-ಹನ್ನೆರಡು ಜನ ನಿಂತಿದ್ದರು. ಎಲ್ಲರಿಗೂ ಕೇಳಿಸಿತು.

ನಾನು ಆಗ ಹೇಳಿದ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ. "ಕಂಪ್ಯೂಟರ್ ತಪ್ಪು ಹೇಳುವುದಿಲ್ಲ ಅಕ್ಕ, ನೀವು ಮನೆಗೆ ಹೋಗಿ ಇನ್ನೊಮ್ಮೆ ನೆನಪು ಮಾಡಿ."

ಅವರು ಮಾತಾಡಲಿಲ್ಲ. ಬೇಕಾದದ್ದರಲ್ಲಿ ಕಾಲು ಭಾಗದಷ್ಟೂ ಸಿಗದ ಮೈಲುತುತ್ತು ಹಿಡಿದುಕೊಂಡು ಹೋದರು.

ಎರಡು ಸಂಘ ಒಂದಾದದ್ದು

ನಮ್ಮದು ಸುಳ್ಯ ಕಡೆಯ ಊರು. ಪಯಸ್ವಿನಿಯ ಈಚೆ ಬದಿಯ ಬೆಳೆಗಾರರದ್ದು ಒಂದು ಸಂಘ, ಆಚೆ ಬದಿಯವರದ್ದು ಇನ್ನೊಂದು. ಎರಡರ ಕೆಲಸವೂ ಒಂದೇ: ಗೊಬ್ಬರ, ಮೈಲುತುತ್ತು, ಸುಣ್ಣ, ಪೈಪು ಎಲ್ಲ ಒಟ್ಟಿಗೆ ತರಿಸಿ ಸದಸ್ಯರಿಗೆ ಹಂಚುವುದು. ನಮ್ಮಲ್ಲಿ 143 ಸದಸ್ಯರು, ಅವರಲ್ಲಿ 118. ಎರಡು ಗೋದಾಮು, ಎರಡು ಲಾರಿ ಬಾಡಿಗೆ, ಎರಡು ಕಡೆ ಸಂಬಳ ಯಾಕೆ ಅಂತ ಮಾತಾಗಿ 2023ರ ಏಪ್ರಿಲ್ 1ರಿಂದ ಒಂದೇ ಸಂಘ ಮಾಡುವುದೆಂದು ಎರಡೂ ಮಹಾಸಭೆಗಳಲ್ಲಿ ತೀರ್ಮಾನವಾಯಿತು. ಕಾನೂನಿನ ಕಾಗದಪತ್ರ ಲೆಕ್ಕಪರಿಶೋಧಕರು ನೋಡಿಕೊಂಡರು. ಲೆಕ್ಕ ಒಟ್ಟು ಮಾಡುವ ಕೆಲಸ ಕೋಶಾಧಿಕಾರಿಯಾದ ನನ್ನ ತಲೆಗೆ ಬಂತು.

ಎರಡೂ ಕಡೆ ಲೆಕ್ಕ ಇದ್ದದ್ದು ಟ್ಯಾಲಿಯಲ್ಲಿ. ಟ್ಯಾಲಿ ನಮ್ಮ ಬೆಂಗಳೂರಿನದ್ದೇ ತಂತ್ರಾಂಶ, ಅಂಗಡಿಯಿಂದ ಕಾರ್ಖಾನೆವರೆಗೆ ಎಲ್ಲ ಕಡೆ ನಡೆಯುತ್ತದೆ. ಅದರಲ್ಲಿ ಒಂದೊಂದು ಲೆಕ್ಕಪುಸ್ತಕಕ್ಕೆ 'ಕಂಪೆನಿ' ಅಂತ ಹೆಸರು. ಸಂಘವಾಗಲಿ, ದೇವಸ್ಥಾನವಾಗಲಿ, ಮನೆಯ ತೋಟವಾಗಲಿ, ಟ್ಯಾಲಿಯ ಬಾಯಲ್ಲಿ ಎಲ್ಲವೂ ಕಂಪೆನಿಯೇ. ಒಂದೊಂದು ಕಂಪೆನಿಯ ಮಾಹಿತಿ ಕಂಪ್ಯೂಟರಿನಲ್ಲಿ ಅಂಕಿಯ ಹೆಸರಿನ ಪ್ರತ್ಯೇಕ ಫೋಲ್ಡರಿನಲ್ಲಿ ಕೂತಿರುತ್ತದೆ. ಆಚೆ ಬದಿಯ ಫೋಲ್ಡರನ್ನು ತಂದು ನಮ್ಮ ಕಂಪ್ಯೂಟರಿಗೆ ಹಾಕಿದರೆ ಎರಡು ಪುಸ್ತಕ ಪಕ್ಕಪಕ್ಕ ಕಾಣುತ್ತವೆ ವಿನಾ ಒಂದಾಗುವುದಿಲ್ಲ. ಒಂದು ಮಾಡಬೇಕಿದ್ದರೆ ಹಳೆಯದರಿಂದ ಖಾತೆಗಳನ್ನು ಹೊರಗೆ ತೆಗೆದು ಹೊಸದಕ್ಕೆ ಒಳಗೆ ಬಿಡಬೇಕು. ಹೊರಗೆ ತೆಗೆಯುವುದಕ್ಕೆ ಎಕ್ಸ್‌ಪೋರ್ಟ್, ಒಳಗೆ ಬಿಡುವುದಕ್ಕೆ ಇಂಪೋರ್ಟ್ ಎನ್ನುತ್ತಾರೆ. ನಡುವೆ ಸಾಮಾನು ಹೊತ್ತುಕೊಂಡು ಹೋಗುವುದು ಎಕ್ಸ್‌ಎಂಎಲ್ ಎಂಬ ಒಂದು ಫೈಲು.

ಗೋಣಿ ಮೊದಲು, ಅಡಿಕೆ ಮತ್ತೆ

ಇಲ್ಲಿ ಎರಡು ಶಬ್ದ ಗೊತ್ತಿರಬೇಕು. ಒಂದು ಮಾಸ್ಟರ್, ಇನ್ನೊಂದು ವೋಚರ್. ಖಾತೆಯ ಹೆಸರು, ಅದು ಯಾವ ಗುಂಪಿಗೆ ಸೇರಿದ್ದು, ಅದರ ಆರಂಭ ಶಿಲ್ಕು ಎಷ್ಟು, ಇದೆಲ್ಲ ಮಾಸ್ಟರ್. ಇಂಥ ದಿನ ಇಂಥವರಿಂದ ಇಷ್ಟು ಬಂತು, ಇಷ್ಟು ಹೋಯಿತು ಎಂಬ ದಿನದಿನದ ಬರಹ ವೋಚರ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮಾಸ್ಟರ್ ಎಂದರೆ ಹೆಸರು ಬರೆದ ಗೋಣಿ, ವೋಚರ್ ಎಂದರೆ ಒಳಗೆ ತುಂಬುವ ಅಡಿಕೆ. ಗೋಣಿ ಇಡದೆ ಅಡಿಕೆ ಸುರಿಯಲಿಕ್ಕಾಗುವುದಿಲ್ಲ. ಹಾಗೆಯೇ ಖಾತೆ ಇಲ್ಲದ ಕಡೆ ವೋಚರ್ ಬಿಟ್ಟರೆ ಟ್ಯಾಲಿ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮಾಸ್ಟರ್ ಮೊದಲು, ವೋಚರ್ ಮತ್ತೆ.

ನಾವು ಹಳೆಯ ವೋಚರುಗಳನ್ನು ತರಲಿಲ್ಲ. ತರುವ ಅಗತ್ಯವೂ ಇರಲಿಲ್ಲ. ಹಳೆ ಪುಸ್ತಕಗಳು ಹಾಗೇ ಇರುತ್ತವೆ, ಬೇಕಾದಾಗ ತೆರೆದು ನೋಡಬಹುದು. ಹೊಸ ಪುಸ್ತಕಕ್ಕೆ ಬೇಕಾದದ್ದು ಮಾರ್ಚ್ 31ರ ಅಂತ್ಯ ಶಿಲ್ಕು ಮಾತ್ರ. ಅದೇ ಏಪ್ರಿಲ್ 1ರ ಆರಂಭ ಶಿಲ್ಕು. ಟ್ಯಾಲಿಯಲ್ಲಿ ಮಾಸ್ಟರ್ ಎಕ್ಸ್‌ಪೋರ್ಟ್ ಮಾಡುವಾಗ 'ಅಂತ್ಯ ಶಿಲ್ಕನ್ನು ಆರಂಭ ಶಿಲ್ಕಾಗಿ ಕಳಿಸಬೇಕೇ' ಎಂಬ ಅರ್ಥದ ಒಂದು ಪ್ರಶ್ನೆ ಉಂಟು. ಅದಕ್ಕೆ ಹೌದು ಅಂತ ಕೊಡದಿದ್ದರೆ ವರ್ಷದ ಮೊದಲಿನ ಹಳೆಯ ಶಿಲ್ಕೇ ಹೋಗುತ್ತದೆ. ಅದನ್ನು ನಾವು ಸರಿಯಾಗಿಯೇ ಕೊಟ್ಟಿದ್ದೆವು.

ಸಾಮಾನಿನ ವಿಷಯದಲ್ಲೂ ಬಹಳ ಜಾಗ್ರತೆ ಮಾಡಿದ್ದೆವು. ನಾವು ಮೈಲುತುತ್ತನ್ನು ಕಿಲೋದಲ್ಲಿ ಬರೆಯುತ್ತಿದ್ದೆವು, ಅವರು ಚೀಲದಲ್ಲಿ. ಹಾಗೇ ಬಿಟ್ಟರೆ ಹತ್ತು ಚೀಲ ಹತ್ತು ಕಿಲೋ ಆದೀತು ಅಂತ ಹೆದರಿ, ಮೊದಲೇ ಎಲ್ಲವನ್ನೂ ಕಿಲೋಕ್ಕೆ ತಂದೆವು. ಸುಣ್ಣಕ್ಕೂ ಹಾಗೇ ಮಾಡಿದೆವು.

ಮೈಲುತುತ್ತಿಗೂ ಸುಣ್ಣಕ್ಕೂ ಇಷ್ಟು ಜಾಗ್ರತೆ ಮಾಡಿದವರು ಮನುಷ್ಯರ ಹೆಸರಿಗೆ ಮಾಡಲಿಲ್ಲ.

ಮೂರು ದಾರಿಗಳ ಕವಲು

ನನ್ನ ಅಣ್ಣನ ಮಗ ಬಿ.ಕಾಂ. ಮಾಡಿದವನು. ಒಂದು ಭಾನುವಾರ ಕೂತು ಇಬ್ಬರೂ ಕೆಲಸ ಸುರು ಮಾಡಿದೆವು. ಹೊಸ ಸಂಘದ ಹೆಸರಲ್ಲಿ ಖಾಲಿ ಪುಸ್ತಕ ತೆರೆದೆವು. ಟ್ಯಾಲಿಯಲ್ಲಿ ಖಾಲಿ ಎಂದರೆ ಪೂರ್ತಿ ಖಾಲಿ ಅಲ್ಲ. 28 ಗುಂಪುಗಳು, ಜೊತೆಗೆ ನಗದು ಮತ್ತು ಲಾಭ-ನಷ್ಟ ಎಂಬ ಎರಡು ಖಾತೆಗಳು ಮೊದಲೇ ತಯಾರಿರುತ್ತವೆ. ಮೊದಲು ನಮ್ಮ ಈಚೆ ಬದಿಯ ಖಾತೆಗಳನ್ನು ಒಳಗೆ ಬಿಟ್ಟೆವು. ತೊಂದರೆ ಇಲ್ಲದೆ ಕೂತವು. ಮತ್ತೆ ಆಚೆ ಬದಿಯದ್ದು.

ಇಂಪೋರ್ಟ್ ಮಾಡುವಾಗ ಟ್ಯಾಲಿ ಒಂದು ಪ್ರಶ್ನೆ ಕೇಳುತ್ತದೆ: ಬರುವ ಖಾತೆಯ ಹೆಸರಿನದ್ದೇ ಇನ್ನೊಂದು ಖಾತೆ ಇಲ್ಲಿ ಮೊದಲೇ ಇದ್ದರೆ ಏನು ಮಾಡಲಿ? ಅದಕ್ಕೆ ಮೂರು ಉತ್ತರಗಳು.

ಒಂದು, ಕಂಬೈನ್ ಓಪನಿಂಗ್ ಬ್ಯಾಲೆನ್ಸಸ್. ಇದ್ದ ಶಿಲ್ಕಿಗೆ ಬಂದ ಶಿಲ್ಕನ್ನು ಕೂಡಿಸುತ್ತದೆ.

ಎರಡು, ಇಗ್ನೋರ್ ಡುಪ್ಲಿಕೇಟ್ಸ್. ಇದ್ದದ್ದನ್ನು ಇಟ್ಟುಕೊಂಡು ಬಂದದ್ದನ್ನು ಬಿಟ್ಟುಬಿಡುತ್ತದೆ.

ಮೂರು, ಮಾಡಿಫೈ ವಿತ್ ನ್ಯೂ ಡೇಟಾ. ಇದ್ದದ್ದರ ಜಾಗದಲ್ಲಿ ಬಂದದ್ದನ್ನು ಬರೆಯುತ್ತದೆ.

"ಯಾವುದು ಕೊಡ್ಲಿ ಚಿಕ್ಕಪ್ಪ?" ಅಂತ ಕೇಳಿದ ಹುಡುಗ.

ನಾನು ಯೋಚನೆ ಮಾಡಿದೆ. ನಗದು ಖಾತೆ ಎರಡರಲ್ಲೂ ಉಂಟು. ನಮ್ಮ ಪೆಟ್ಟಿಗೆಯಲ್ಲಿ 12,340 ರೂಪಾಯಿ, ಅವರದ್ದರಲ್ಲಿ 8,115. ಎರಡೂ ಸೇರಬೇಕಾದ್ದೇ. ಬಿಟ್ಟುಬಿಟ್ಟರೆ ಅವರ ದುಡ್ಡು ಹೋಯಿತು, ಮೇಲೆ ಬರೆದರೆ ನಮ್ಮ ದುಡ್ಡು ಹೋಯಿತು. "ಕೂಡಿಸುವುದೇ ಸರಿ" ಅಂದೆ. ಅವನು ಒತ್ತಿದ.

ನಗದು 20,455 ಅಂತ ಬಂತು. ಪೆಟ್ಟಿಗೆ ಎಣಿಸಿದೆವು, ಸರಿಯಾಗಿ 20,455. ಲಾಭ-ನಷ್ಟದ ಮೊತ್ತವನ್ನು ಎರಡು ಹಳೆ ಪುಸ್ತಕಗಳಿಗೆ ಹೋಲಿಸಿ ಕೈಯಲ್ಲೇ ಸರಿಪಡಿಸಿದೆವು. ತಾಳೆಪಟ್ಟಿ ತೆಗೆದು ನೋಡಿದರೆ ಎರಡೂ ಬದಿ ಸಮ. ಆರಂಭ ಶಿಲ್ಕಿನಲ್ಲಿ ಒಂದು ಪೈಸೆ ವ್ಯತ್ಯಾಸವಿದ್ದರೂ ಟ್ಯಾಲಿ ಅಡಿಯಲ್ಲಿ 'ಡಿಫರೆನ್ಸ್ ಇನ್ ಓಪನಿಂಗ್ ಬ್ಯಾಲೆನ್ಸಸ್' ಅಂತ ತೋರಿಸುತ್ತದೆ. ಅದೂ ಇರಲಿಲ್ಲ. ಇಬ್ಬರೂ ಖುಷಿಯಲ್ಲಿ ಚಾ ಕುಡಿದೆವು. ಹಳೆ ಕಾಲದ ಹಾಗೆ 261 ಖಾತೆ ಕೈಯಲ್ಲಿ ಬರೆದಿದ್ದರೆ ಒಂದು ವಾರ ಹಿಡಿಯುತ್ತಿತ್ತು, ಮಧ್ಯಾಹ್ನದೊಳಗೆ ಮುಗಿಯಿತಲ್ಲ ಅಂತ ಹೇಳಿಕೊಂಡೆವು.

ರಾತ್ರಿ ಹೊಳೆದದ್ದು

ಲಕ್ಷ್ಮಿ ಅಕ್ಕ ಹೋದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಸುಳ್ಳು ಹೇಳುವವರಲ್ಲ. ಎದ್ದು ಆಚೆ ಬದಿಯ ಹಳೆ ಪುಸ್ತಕ ತೆರೆದೆ. ಮಾರ್ಚ್ 31ಕ್ಕೆ ಲಕ್ಷ್ಮಿ, ಜಮೆ 9,400. ಅವರು ಹೇಳಿದ್ದು ಸರಿಯೇ.

ಹಾಗಾದರೆ 7,900 ಎಲ್ಲಿಗೆ ಹೋಯಿತು? ಆ ಅಂಕಿ ಎಲ್ಲೋ ನೋಡಿದ ನೆನಪು. ನಮ್ಮ ಈಚೆ ಬದಿಯ ಹಳೆ ಪುಸ್ತಕ ತೆರೆದೆ. ಅದರಲ್ಲೂ ಒಬ್ಬರು ಲಕ್ಷ್ಮಿ. ಗೊಬ್ಬರದ ಲೆಕ್ಕದಲ್ಲಿ ಸಂಘಕ್ಕೆ ಕೊಡಬೇಕಾದ ಬಾಕಿ 7,900.

ಆಗ ತಲೆಗೆ ಹೋಯಿತು. ಟ್ಯಾಲಿಗೆ ಮನುಷ್ಯರ ಗುರುತಿಲ್ಲ, ಹೆಸರಿನ ಗುರುತು ಮಾತ್ರ. ಒಂದು ಪುಸ್ತಕದಲ್ಲಿ ಒಂದು ಹೆಸರಿಗೆ ಒಂದೇ ಖಾತೆ. ಆಚೆಯ ಲಕ್ಷ್ಮಿ ಅಕ್ಕನನ್ನೂ ಈಚೆಯ ಲಕ್ಷ್ಮಿ ಅಕ್ಕನನ್ನೂ ಅದು ಒಬ್ಬರನ್ನಾಗಿ ಮಾಡಿ, ಒಬ್ಬರ ಜಮೆಯಿಂದ ಇನ್ನೊಬ್ಬರ ಬಾಕಿ ಕಳೆದು, 1,500 ಉಳಿಸಿತ್ತು. ತಪ್ಪು ಟ್ಯಾಲಿಯದ್ದಲ್ಲ. ಕೂಡಿಸು ಅಂತ ನಾನೇ ಹೇಳಿದ್ದು, ಕೂಡಿಸಿತು. ನಗದಿಗೆ ಯಾವ ಉತ್ತರ ಸರಿಯೋ ಅದೇ ಉತ್ತರ ಲಕ್ಷ್ಮಿ ಅಕ್ಕನಿಗೆ ಅನ್ಯಾಯ.

ಮತ್ತೆ ತಾಳೆಪಟ್ಟಿ ಹೇಗೆ ಸರಿ ಬಂತು? ಬರಲೇಬೇಕಲ್ಲ! ಜಮೆಯ ಒಟ್ಟು, ಬಾಕಿಯ ಒಟ್ಟು ಸಮ ಉಂಟೋ ಅಂತ ಮಾತ್ರ ತಾಳೆಪಟ್ಟಿ ಹೇಳುತ್ತದೆ. ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋದರೆ ಅದಕ್ಕೆ ಗೊತ್ತಾಗುವುದಿಲ್ಲ. ಕೈಬರಹದ ಕಿರ್ದಿ, ಖಾತಾವಣಿಯ ಕಾಲದಲ್ಲೂ ಹೀಗೇ ಇತ್ತು. ಆದರೆ ಆಗ ಬರೆಯುವ ಗುಮಾಸ್ತರಿಗೆ ಎರಡೂ ಲಕ್ಷ್ಮಿಯರ ಗುರುತಿತ್ತು. 'ಇದು ಮೇಲಿನ ಮನೆಯವರದ್ದು, ಇದು ಹೊಳೆಕರೆಯವರದ್ದು' ಅಂತ ಕೈ ತಾನಾಗಿ ನಿಲ್ಲುತ್ತಿತ್ತು.

ಬೆಳಗ್ಗಿನ ಜಾವದವರೆಗೆ ಕೂತು ಹೆಸರು ಎಣಿಸಿದೆ. 143ಕ್ಕೆ 118 ಕೂಡಿಸಿದರೆ 261. ಹೊಸ ಪುಸ್ತಕದಲ್ಲಿ ಸದಸ್ಯರ ಖಾತೆ 252 ಮಾತ್ರ! ಒಂಬತ್ತು ಕಡಿಮೆ. ಅದರಲ್ಲಿ ಇಬ್ಬರು ನಿಜವಾಗಿಯೂ ಎರಡೂ ಬದಿ ತೋಟ ಇದ್ದವರು, ಎರಡೂ ಸಂಘದಲ್ಲಿ ಸದಸ್ಯರಾಗಿದ್ದವರು. ಅವರ ಖಾತೆ ಒಂದಾದದ್ದು ಸರಿಯೇ. ಉಳಿದ ಏಳು ಹೆಸರುಗಳಲ್ಲಿ ಇಬ್ಬಿಬ್ಬರಂತೆ 14 ಮಂದಿ ಒಬ್ಬರೊಳಗೆ ಒಬ್ಬರು ಸಿಕ್ಕಿಹಾಕಿಕೊಂಡಿದ್ದರು. ರೂಪಾಯಿ ತಾಳೆಯಾಗಿತ್ತು, ತಲೆ ತಾಳೆಯಾಗಿರಲಿಲ್ಲ. ಮೊದಲ ದಿನವೇ ಐದು ನಿಮಿಷ ತಲೆ ಎಣಿಸಿದ್ದರೆ ಗೊತ್ತಾಗುತ್ತಿತ್ತು.

ಮನೆ ಮನೆಗೆ ಹೋದೆವು

ಮಾರನೇ ದಿನ ಬೆಳಗ್ಗೆ ಅಧ್ಯಕ್ಷರೂ ನಾನೂ ಜೀಪಿನಲ್ಲಿ ಮೈಲುತುತ್ತು ಹಾಕಿಕೊಂಡು ಲಕ್ಷ್ಮಿ ಅಕ್ಕನ ಮನೆಗೆ ಹೋದೆವು. ಅವರು ಪಂಚಾಂಗದ ಒಳಗೆ ಮಡಚಿಟ್ಟ ರಶೀದಿಗಳನ್ನು ತಂದು ಜಗಲಿಯಲ್ಲಿಟ್ಟರು. ನಾನು ನೋಡಲಿಲ್ಲ. "ರಶೀದಿ ಬೇಡ ಅಕ್ಕ, ತಪ್ಪು ನಮ್ಮದು" ಅಂದೆ.

"ತಪ್ಪು ಎಲ್ಲರಿಗೂ ಆಗ್ತದೆ. ಆದರೆ ಅಷ್ಟು ಜನರ ಎದುರು ನೆನಪು ಮಾಡಿ ಅಂತ ಹೇಳಿದಿರಲ್ಲ ಅಣ್ಣ, ಅದು ಬೇಜಾರಾಯ್ತು" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ವರ್ಷ ಮುಂಗಾರು ತಡ ಮಾಡಿತು. ಜೂನ್ 8ಕ್ಕೆ ಕೇರಳ ಮುಟ್ಟಿದ್ದು. ಅಷ್ಟರೊಳಗೆ ಅವರ ತೋಟಕ್ಕೆ ಔಷಧಿ ಬಿಟ್ಟಾಗಿತ್ತು. ಮಳೆ ನಮ್ಮ ಮಾನ ಉಳಿಸಿತು ಅಂತಲೇ ನಾನು ತಿಳಿದುಕೊಂಡಿದ್ದೇನೆ.

ಈಚೆ ಬದಿಯ ಲಕ್ಷ್ಮಿ ಅಕ್ಕನಲ್ಲಿಗೂ ಹೋದೆವು. "ಬಾಕಿ ಉಂಟು ಅಂತ ನಂಗೆ ಗೊತ್ತುಂಟು. ಎರಡು ತಿಂಗಳಾದ್ರೂ ನೀವು ಯಾಕೆ ಕೇಳ್ಲಿಲ್ಲ ಅಂತ ನಾನೇ ಯೋಚನೆ ಮಾಡ್ತಿದ್ದೆ" ಅಂತ ನಗೆಯಾಡಿದರು.

ಉಳಿದ ಆರು ಜೋಡಿಗಳಲ್ಲಿ ಎಲ್ಲವೂ ಹೀಗೆ ಸಲೀಸಾಗಲಿಲ್ಲ. ಒಬ್ಬರು ಇನ್ನೊಬ್ಬರ ಮುಂಗಡದಲ್ಲಿ ತನಗೆ ಗೊತ್ತಿಲ್ಲದೆಯೇ ಗೊಬ್ಬರ ಒಯ್ದಿದ್ದರು. ಹೇಳಿದಾಗ ದುಡ್ಡು ಕಟ್ಟಿದರು. ಇನ್ನೊಬ್ಬರಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. "ಈಗ ಸಿಕ್ಕಿದ್ದು ಇಷ್ಟು, ಸಿಕ್ಕದ್ದು ಎಷ್ಟೋ" ಅಂತ ಹೇಳಿ ಲೆಕ್ಕ ತೀರಿಸಿಕೊಂಡು ಸದಸ್ಯತ್ವ ಬಿಟ್ಟರು. ಅವರು ಇವತ್ತಿಗೂ ಮರಳಿ ಬಂದಿಲ್ಲ. ಒಂದು ಗುಂಡಿ ಒತ್ತಿದ್ದಕ್ಕೆ ಒಬ್ಬ ಒಳ್ಳೆಯ ಕೃಷಿಕರನ್ನು ಸಂಘ ಕಳೆದುಕೊಂಡಿತು.

ಪುಸ್ತಕ ಸರಿ ಮಾಡಿದ್ದು ಹೀಗೆ. ಏಳು ಖಾತೆಗಳಿಗೂ ಮನೆಯ ಹೆಸರು ಸೇರಿಸಿ ಹೆಸರು ಬದಲಿಸಿದೆವು. ಟ್ಯಾಲಿಯಲ್ಲಿ ಖಾತೆಯ ಹೆಸರು ಬದಲಿಸಿದರೆ ಆ ಖಾತೆಯ ಎಲ್ಲ ವೋಚರುಗಳಲ್ಲೂ ತಾನಾಗಿ ಬದಲಾಗುತ್ತದೆ. ಮತ್ತೆ ಜೋಡಿಯ ಇನ್ನೊಬ್ಬರಿಗೆ ಹೊಸ ಖಾತೆ ತೆರೆದು, ಹಳೆ ಪುಸ್ತಕ ನೋಡಿ ಇಬ್ಬರ ಆರಂಭ ಶಿಲ್ಕನ್ನೂ ಸರಿಯಾಗಿ ಬರೆದೆವು. ಏಪ್ರಿಲ್-ಮೇ ತಿಂಗಳ ವೋಚರುಗಳನ್ನು ಮಾತ್ರ ಒಂದೊಂದಾಗಿ ರಶೀದಿ ಪುಸ್ತಕದ ಸಹಿ ನೋಡಿ 'ಇದು ಯಾರದ್ದು' ಅಂತ ಬಿಡಿಸಬೇಕಾಯಿತು. ಎರಡು ರಾತ್ರಿ ಹಿಡಿಯಿತು. ಕಾಗದದ ರಶೀದಿ ಪುಸ್ತಕ ಇಲ್ಲದಿರುತ್ತಿದ್ದರೆ ಬಿಡಿಸಲಿಕ್ಕೇ ಆಗುತ್ತಿರಲಿಲ್ಲ.

ಎರಡನೇ ಸಲ ಮಾಡಿದ ಕ್ರಮ

2024ರ ಏಪ್ರಿಲ್‌ನಲ್ಲಿ ಪಕ್ಕದ ಊರಿನ 64 ಮಂದಿಯ ಗುಂಪೊಂದು ನಮ್ಮ ಸಂಘಕ್ಕೆ ಸೇರಿತು. ಮತ್ತೆ ಅದೇ ಕೆಲಸ. ಈ ಸಲ ಬಿದ್ದ ಪೆಟ್ಟಿನ ನೆನಪಿತ್ತು. ಮಾಡಿದ ಕ್ರಮ ಹೀಗೆ:

1. ಎಲ್ಲದಕ್ಕೂ ಮೊದಲು ಎರಡೂ ಪುಸ್ತಕಗಳ ಬ್ಯಾಕಪ್ ತೆಗೆದು ಪೆನ್‌ಡ್ರೈವಿನಲ್ಲಿ ಬೇರೆ ಇಟ್ಟೆವು. ಅವರ ಮೂಲ ಪುಸ್ತಕವನ್ನು ಮುಟ್ಟಲಿಲ್ಲ. ಬ್ಯಾಕಪ್ಪಿನಿಂದ ಒಂದು ಪ್ರತಿ ಮಾಡಿ, ಆ ಪ್ರತಿಯಲ್ಲೇ ಕೆಲಸ ಮಾಡಿದೆವು.

2. ಎರಡೂ ಕಡೆಯ ಸದಸ್ಯರ ಹೆಸರಿನ ಪಟ್ಟಿಯನ್ನು ಕಾಗದಕ್ಕೆ ಇಳಿಸಿ, ಎರಡೂ ಊರಿನ ಜನರ ಗುರುತಿದ್ದ ಇಬ್ಬರು ಹಿರಿಯರನ್ನು ಕೂರಿಸಿ ಓದಿಸಿದೆವು. ಒಂದೇ ಹೆಸರು ಐದು ಸಿಕ್ಕಿತು. ಐವರೂ ಬೇರೆ ಬೇರೆಯವರೇ. ಈ ಕೆಲಸ ಕಂಪ್ಯೂಟರಿನಿಂದ ಆಗುವಂಥದ್ದಲ್ಲ.

3. ಎಲ್ಲರ ಹೆಸರಿನ ಜೊತೆ ಮನೆಯ ಹೆಸರು ಸೇರಿಸಿದೆವು. ಟ್ಯಾಲಿಯಲ್ಲಿ ಒಂದು ಖಾತೆಗೆ ಅಲಿಯಾಸ್ ಅಂತ ಇನ್ನೊಂದು ಹೆಸರನ್ನೂ ಕೊಡಬಹುದು. ಅಲ್ಲಿ ಸದಸ್ಯ ಸಂಖ್ಯೆ ಹಾಕಿದೆವು. ಎರಡೂ ಗುಂಪಿನಲ್ಲಿ 1, 2, 3 ಅಂತಲೇ ಸಂಖ್ಯೆ ಇರುವ ಕಾರಣ, ಊರಿನ ಮೊದಲ ಅಕ್ಷರವನ್ನು ಸಂಖ್ಯೆಯ ಹಿಂದೆ ಸೇರಿಸಿದೆವು. ಅಲಿಯಾಸ್ ಕೂಡ ಇಬ್ಬರಿಗೆ ಒಂದೇ ಇರಬಾರದು.

4. ಸಾಮಾನುಗಳ ಹೆಸರು, ಅಳತೆ ಎರಡೂ ಕಡೆ ಒಂದೇ ರೀತಿ ಮಾಡಿದೆವು. ಮನುಷ್ಯರ ಹೆಸರು ಬೇರೆ ಬೇರೆ ಇರಬೇಕು, ಸಾಮಾನಿನ ಹೆಸರು ಒಂದೇ ಇರಬೇಕು. ಒಂದು ಕಡೆ 'ಮೈಲುತುತ್ತು', ಇನ್ನೊಂದು ಕಡೆ 'ತುತ್ತು' ಅಂತ ಇದ್ದರೆ ಗೋದಾಮಿನಲ್ಲಿ ಒಂದೇ ರಾಶಿ, ಪುಸ್ತಕದಲ್ಲಿ ಎರಡು.

5. ಎಕ್ಸ್‌ಪೋರ್ಟ್ ಮಾಡುವ ಮೊದಲು ಪ್ರತಿ ಸದಸ್ಯರಿಗೂ ಅವರ ಮಾರ್ಚ್ 31ರ ಶಿಲ್ಕನ್ನು ಚೀಟಿಯಲ್ಲಿ ಬರೆದುಕೊಟ್ಟು, ಸರಿ ಅಂತ ಸಹಿ ಹಾಕಿಸಿಕೊಂಡೆವು. 64 ಸಹಿಗೆ ಹತ್ತು ದಿನ ಹಿಡಿಯಿತು. ಮೂವರು 'ಇದು ಸರಿಯಿಲ್ಲ' ಅಂದರು. ನೋಡಿದರೆ ಹಳೆ ಪುಸ್ತಕದಲ್ಲೇ ತಪ್ಪಿತ್ತು. ಹಳೆ ತಪ್ಪನ್ನು ಹಳೆ ಪುಸ್ತಕದಲ್ಲೇ ಅವರ ಲೆಕ್ಕಪರಿಶೋಧಕರಿಗೆ ಹೇಳಿ ಸರಿ ಮಾಡಿಸಿದ ಮೇಲೆಯೇ ಪ್ರತಿ ತೆಗೆದೆವು.

6. ನೇರ ನಮ್ಮ ಪುಸ್ತಕಕ್ಕೆ ಬಿಡಲಿಲ್ಲ. ನಮ್ಮ ಪುಸ್ತಕದ ಬ್ಯಾಕಪ್ಪಿನಿಂದ ಪರೀಕ್ಷೆಗೆ ಅಂತ ಇನ್ನೊಂದು ಪ್ರತಿ ಮಾಡಿ, ಮೊದಲು ಅದಕ್ಕೆ ಬಿಟ್ಟು ನೋಡಿದೆವು. ಅಲ್ಲಿ ಸರಿ ಬಂದ ಮೇಲೆ ನಿಜದ್ದಕ್ಕೆ.

7. ಬಿಟ್ಟ ಮೇಲೆ ಮೂರು ತಾಳೆ ನೋಡಿದೆವು. ಒಂದು, ರೂಪಾಯಿ ತಾಳೆ: ಎರಡು ಹಳೆ ತಾಳೆಪಟ್ಟಿ ಕೂಡಿಸಿದರೆ ಹೊಸದ್ದಕ್ಕೆ ಸಮವೋ? ಎರಡು, ತಲೆ ತಾಳೆ: ಖಾತೆಗಳ ಸಂಖ್ಯೆ ಸರಿಯೋ? ಟ್ಯಾಲಿಯ ಸ್ಟ್ಯಾಟಿಸ್ಟಿಕ್ಸ್ ಎಂಬ ವರದಿಯಲ್ಲಿ ಎಷ್ಟು ಖಾತೆ, ಎಷ್ಟು ವೋಚರ್ ಅಂತ ಸಿಗುತ್ತದೆ. ನಗದು, ಲಾಭ-ನಷ್ಟದಂಥ ಸಾಮಾನ್ಯ ಖಾತೆ ಬಿಟ್ಟು ಉಳಿದದ್ದು ಕೂಡಬೇಕು. ಮೂರು, ಮನುಷ್ಯ ತಾಳೆ: ಹತ್ತು ಮಂದಿಯ ಚೀಟಿ ತೆಗೆದು ಹೊಸ ಪುಸ್ತಕದೊಂದಿಗೆ ಹೋಲಿಸಿ ನೋಡಿದೆವು.

ಈ ಸಲ ಮೂರೂ ಸರಿ ಬಂತು. ಆದರೂ ಆ ವರ್ಷ ಮಹಾಸಭೆಯವರೆಗೆ ನನಗೆ ಒಳಗೊಳಗೆ ಹೆದರಿಕೆ ಇತ್ತು.

ಇನ್ನು ಕೆಲವು ಎಚ್ಚರಿಕೆ

ಇಂಪೋರ್ಟ್ ಮಾಡುವಾಗ ಕರೆಂಟು ಹೋಗಿ ಅರ್ಧದಲ್ಲಿ ನಿಂತರೆ, ಆಯಿತೋ ಇಲ್ಲವೋ ಅಂತ ಅನುಮಾನದಲ್ಲಿ ಎರಡನೇ ಸಲ ಬಿಡಬೇಡಿ. 'ಕೂಡಿಸು' ಅಂತ ಕೊಟ್ಟು ಎರಡು ಸಲ ಬಿಟ್ಟರೆ ಎಲ್ಲರ ಶಿಲ್ಕೂ ಇಮ್ಮಡಿ. ತಾಳೆಪಟ್ಟಿ ಆಗಲೂ ಸಮವೇ ತೋರಿಸೀತು! ಬ್ಯಾಕಪ್ಪಿಗೆ ಹಿಂದೆ ಹೋಗಿ ಹೊಸದಾಗಿ ಸುರು ಮಾಡಿ.

ಒಬ್ಬರದ್ದೇ ಖಾತೆ ಎರಡು ಕಡೆ ಸ್ವಲ್ಪ ಬೇರೆ ಬೇರೆ ಹೆಸರಲ್ಲಿದ್ದು ಹೊಸ ಪುಸ್ತಕದಲ್ಲಿ ಎರಡಾಗಿ ಬಂದರೆ ಹೆದರಬೇಡಿ. ಒಂದು ಜರ್ನಲ್ ನಮೂದಿನಿಂದ ಒಂದರ ಶಿಲ್ಕನ್ನು ಇನ್ನೊಂದಕ್ಕೆ ದಾಟಿಸಬಹುದು. ಎರಡಾದದ್ದನ್ನು ಒಂದು ಮಾಡುವುದು ಸುಲಭ, ಒಂದಾದದ್ದನ್ನು ಬಿಡಿಸುವುದು ಕಷ್ಟ. ಅನುಮಾನ ಇದ್ದಲ್ಲಿ ಬೇರೆ ಬೇರೆಯೇ ಇಡಿ.

ವೋಚರುಗಳನ್ನೂ ಸಾಗಿಸುವವರು ಪುಸ್ತಕ ಆರಂಭವಾಗುವ ದಿನಾಂಕ ನೋಡಿಕೊಳ್ಳಿ. ಪುಸ್ತಕ ಏಪ್ರಿಲ್ 1ಕ್ಕೆ ಆರಂಭವಾಗಿದ್ದರೆ ಮಾರ್ಚಿನ ವೋಚರ್ ಅದರೊಳಗೆ ಹೋಗುವುದಿಲ್ಲ. ಅಂತ್ಯ ಶಿಲ್ಕನ್ನೂ ತಂದು, ಅದೇ ವರ್ಷದ ವೋಚರುಗಳನ್ನೂ ತಂದರೆ ಲೆಕ್ಕ ಎರಡು ಸಲ ಬಂದಂತಾಗುತ್ತದೆ. ಯಾವುದಾದರೂ ಒಂದು ಮಾತ್ರ.

ಮನೆಯ ತೋಟದ ಲೆಕ್ಕಕ್ಕೆ ಹಣ ಕೊಡದೆ ಸಿಗುವ ಗ್ನೂಕ್ಯಾಶ್ ತಂತ್ರಾಂಶವನ್ನು ಬಳಸುವವರೂ ಇದ್ದಾರೆ. ಅದರಲ್ಲಿ ಖಾತೆಗಳ ಪಟ್ಟಿಯನ್ನು ಮಾತ್ರ ಹೊಸ ಫೈಲಿಗೆ ಕಳಿಸುವ ಸೌಕರ್ಯ ಉಂಟು. ವ್ಯವಹಾರಗಳು ಅದರ ಜೊತೆ ಹೋಗುವುದಿಲ್ಲ, ಆರಂಭ ಶಿಲ್ಕನ್ನು ನಾವೇ ಬರೆಯಬೇಕು. ಅಣ್ಣತಮ್ಮಂದಿರು ಪಾಲಾಗಿ ಬೇರೆ ಪುಸ್ತಕ ಮಾಡುವಾಗ ಇದು ಅನುಕೂಲ. ಗೊಬ್ಬರ, ಕೂಲಿ, ಔಷಧಿ ಅಂತ ಖಾತೆಗಳ ಚೌಕಟ್ಟು ಇಬ್ಬರಿಗೂ ಒಂದೇ ಸಿಗುತ್ತದೆ, ಅಂಕಿ ಅವರವರದ್ದು.

ಈಗ ನಮ್ಮ ಸಂಘದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಎಲ್ಲ ಸದಸ್ಯರಿಗೂ ಶಿಲ್ಕಿನ ಚೀಟಿ ಕೊಡುತ್ತೇವೆ. ಕಂಪ್ಯೂಟರ್ ಬಂದ ಮೇಲೆ ನಿಲ್ಲಿಸಿದ್ದ ಪಾಸ್‌ಪುಸ್ತಕವನ್ನು ಪುನಃ ಸುರು ಮಾಡಿದ್ದೇವೆ. ಕಳೆದ ಸಲ ಲಕ್ಷ್ಮಿ ಅಕ್ಕ ತನ್ನ ಪಾಸ್‌ಪುಸ್ತಕ ತಂದು ಮೇಜಿನ ಮೇಲಿಟ್ಟರು. ನಾನು ಕಂಪ್ಯೂಟರಿನಲ್ಲಿ ಕಂಡದ್ದನ್ನು ಓದಿದೆ. ಅವರು ತನ್ನ ಪುಸ್ತಕ ನೋಡಿಯೇ "ಸರಿ ಉಂಟು" ಅಂದರು. ಅವರು ಸರಿ ಅಂದ ಮೇಲೆಯೇ ನಾನು ರಶೀದಿ ಹರಿದು ಕೊಟ್ಟದ್ದು.